ಎಂಜಿನ್ನಿಗೆ ನುಗ್ಗುವ ಕಳ್ಳಗಾಳಿ

(ಕಾಮೋಠೆಯಲ್ಲಿ ಚಾಲಕ ಬಂಧುಗಳ ಮುಂದೆ ಮಾಡಿದ ಭಾಷಣ)

ಚಾಲಕ ಬಂಧುಗಳೇ,

ಸಾಯನ್-ಪನ್ವೇಲ್ ಹೆದ್ದಾರಿಯ ಬದಿಯಲ್ಲಿ ಗಾಡಿಯನ್ನೇ ನಂಬಿ ಬದುಕುವ ತಮಗೆ, ಅದು ಒಂದು ದಿನ ನಿಂತರೂ ಮನೆಯ ಒಲೆಗೆ ತಟ್ಟುತ್ತದೆಂದು ನಾವು ಹೇಳಬೇಕಾಗಿಲ್ಲ. ಸ್ಪ್ಯಾನರ್ ಹಿಡಿದು ದುಡಿಯುವ ನಾವು ಇಂದು ಒಂದೇ ರೋಗದ ವಿಷಯ ಮಾತನಾಡುತ್ತೇವೆ. ರೋಗ ಸಣ್ಣದು; ಅದರ ಹೆಸರಿನಲ್ಲಿ ಆಗುವ ಖರ್ಚು ದೊಡ್ಡದು.

1 ಕಿಲೋ ಪೆಟ್ರೋಲ್ ಸುಡಲು ಸುಮಾರು 14.7 ಕಿಲೋ ಗಾಳಿ ಬೇಕು. ಅದು ಫಿಲ್ಟರಿನಿಂದ ಥ್ರಾಟಲ್ ದಾಟಿ, ಲೆಕ್ಕಕ್ಕೆ ಸಿಕ್ಕಿ ಒಳಗೆ ಬರತಕ್ಕದ್ದು. ರಬ್ಬರ್ ಪೈಪು ಬಿರಿದರೆ, ಗ್ಯಾಸ್ಕೆಟ್ ಸವೆದರೆ, ಗಾಳಿ ಹಿತ್ತಿಲ ಬಾಗಿಲಿನಿಂದ ನುಗ್ಗುತ್ತದೆ. ಆಗ ಸಿಗ್ನಲ್ಲಿನಲ್ಲಿ ನಿಂತ ಗಾಡಿ ನಡುಗುತ್ತದೆ. ಓಡುವಾಗ ಮಾತ್ರ ಏನೂ ಆಗದಂತಿರುತ್ತದೆ. ಐಡಲಿಂಗಿನಲ್ಲಿ ಥ್ರಾಟಲ್ ಬಹುಪಾಲು ಮುಚ್ಚಿದ್ದು ಒಳಗಿನ ಸೆಳೆತ ಬಲು ಜೋರು, ಬೇಕಾದ ಗಾಳಿಯೋ ಕಡಿಮೆ. ಆದುದರಿಂದ ಕಳ್ಳಗಾಳಿಯ ಪಾಲು ಎದ್ದು ಕಾಣುತ್ತದೆ.

2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಬೀದಿಗಳಿಂದ ನಿವೃತ್ತವಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಕಾಲದಲ್ಲಿ ಮಿಸ್ತ್ರಿಯ ಕಿವಿಯೇ ಸಾಕಾಗುತ್ತಿತ್ತು. ಈಗ ಸೆನ್ಸರುಗಳ ಕಾಲ. ಗಾಳಿಯ ಪ್ರಮಾಣವನ್ನೇ ಅಳೆಯುವ ಗಾಡಿಯಲ್ಲಿ ಮಿಶ್ರಣ ತೆಳುವಾಗಿ ಸ್ಕ್ಯಾನರಿನಲ್ಲಿ ಪಿ0171 ಎಂದು ಬರಬಹುದು. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಗಾಡಿಯಲ್ಲಿ ಕಂಪ್ಯೂಟರ್ ಪೆಟ್ರೋಲನ್ನೂ ಹೆಚ್ಚಿಸುವುದರಿಂದ ಐಡಲಿಂಗ್ ಮೇಲೇರುತ್ತದೆ. ಈ ಭೇದವನ್ನು ನೋಡದ ಕಡೆ ಇಂಜೆಕ್ಟರ್, ಸೆನ್ಸರ್, ಥ್ರಾಟಲ್ ಬಾಡಿ ಎಂದು ಬಿಲ್ಲು ಬೆಳೆಯುತ್ತದೆ, ನಡುಕ ಉಳಿಯುತ್ತದೆ.

ಹಣ ಕೊಡುವ ಮೊದಲು ಕೇಳಿ: ಸ್ಕ್ಯಾನರಿನ ಫ್ಯೂಯೆಲ್ ಟ್ರಿಮ್ ಐಡಲಿಂಗಿನಲ್ಲಿ ಎಷ್ಟು, 2500 ಸುತ್ತಿನಲ್ಲಿ ಎಷ್ಟು? ಮೊದಲು ಹೆಚ್ಚಿದ್ದು ರೇಸ್ ಕೊಟ್ಟಾಗ ಇಳಿದರೆ ಗಾಳಿಯ ಮೇಲೆ ಸಂಶಯ. ರೇಸಿನೊಡನೆ ಏರಿದರೆ ಪೆಟ್ರೋಲಿನ ಸರಬರಾಜು ನೋಡಬೇಕು. ಸೋಪಿನ ನೀರು ಹಚ್ಚಿ ಗುಳ್ಳೆ ಕಾಯುವವರಿದ್ದಾರೆ. ಗಾಳಿ ಒಳಗೆ ಹೋಗುವ ಕಡೆ ಗುಳ್ಳೆ ಏಳುವುದೆಲ್ಲಿಂದ? ಬಿಸಿ ಎಂಜಿನ್ನಿಗೆ ಪೆಟ್ರೋಲ್ ಎರಚುವುದಂತೂ ಬೆಂಕಿಯೊಡನೆ ಸರಸ. ಎಂಜಿನ್ ನಿಲ್ಲಿಸಿ, ಕಡಿಮೆ ಒತ್ತಡದ ಹೊಗೆ ತುಂಬಿದರೆ ಬಿರುಕು ತಾನೇ ತೋರುತ್ತದೆ. ಪೈಪು ಬಿರಿದಿದ್ದರೆ ಹೊಸದು ಹಾಕಿಸಿ. ಟೇಪು ಸುತ್ತಿದ್ದು ಬಿಸಿಗೆ ಬಾಳದು.

ಫಿಲ್ಟರಿಗೂ ಥ್ರಾಟಲಿಗೂ ನಡುವಿನ ಬಿರುಕು ಕೆಲವು ಗಾಡಿಗಳಲ್ಲಿ ಐಡಲಿಂಗನ್ನು ಕೆಡಿಸುವುದೇ ಇಲ್ಲ. ಆದರೆ ಕಳಂಬೋಲಿಯ ಲಾರಿಗಳೆಬ್ಬಿಸುವ ಧೂಳು ಅದರಿಂದ ಸೋಸದೆ ಒಳಹೊಕ್ಕು ಪಿಸ್ಟನ್ ರಿಂಗುಗಳನ್ನು ತಿನ್ನುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕ್ ಬೂಸ್ಟರಿನ ಪೈಪು ಬಿರಿಯುವುದು. ಬ್ರೇಕಿಗೆ ನೆರವಾಗುವುದು ಅದೇ ಸೆಳೆತ. ಅದು ಸೋರಿದರೆ ಪೆಡಲ್ ಕಲ್ಲಾಗುತ್ತದೆ. ಪರೀಕ್ಷೆಗೆ ಕಾಸು ಬೇಡ. ನಿಂತ ಗಾಡಿಯಲ್ಲಿ, ಎಂಜಿನ್ ಬಂದ್ ಇದ್ದಾಗ, ಪೆಡಲನ್ನು ನಾಲ್ಕೈದು ಸಲ ಒತ್ತಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಆ ದಿನ ಸವಾರಿ ಹತ್ತಿಸಿಕೊಳ್ಳಬೇಡಿ. ಗಾಡಿಯನ್ನು ಅಲ್ಲಿಯೇ ಬಿಟ್ಟು ಮಿಸ್ತ್ರಿಯನ್ನು ಕರೆತನ್ನಿ.