ಅಲೆಯ ಲೆಕ್ಕ, ನೆಲದ ಲೆಕ್ಕ

(ರಾಮನಗರದಲ್ಲಿ ನಡೆದ ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಡಲಿನಿಂದ ಇನ್ನೂರು ಕಿಲೋಮೀಟರಿಗೂ ದೂರದಲ್ಲಿರುವ ಈ ಬಂಡೆಗಳ ಊರಿನಲ್ಲಿ ಕುಳಿತು ಬಿರುಗಾಳಿಯ ಅಲೆಗಳ ಬಗ್ಗೆ ಮಾತನಾಡುವುದು ವಿಚಿತ್ರವೆನಿಸಬಹುದು. ನಾನು ಕಡಲ ವಿಜ್ಞಾನಿಯಲ್ಲ. ಸಾವನದುರ್ಗದ ತಪ್ಪಲಿನಲ್ಲಿ ನೆಲೆಸಿ, ರಾಗಿ, ಹಿಪ್ಪುನೇರಳೆಗಳ ನಡುವೆ ಕೆಲಸ ಮಾಡುವ ಕೃಷಿ ವಿಜ್ಞಾನಿ. ಆದರೆ ಮಳೆ, ಮಣ್ಣು, ಇಳುವರಿಗಳನ್ನು ಗಣಿತದ ಮಾದರಿಗೆ ಒಗ್ಗಿಸುವುದರಲ್ಲಿ ಅನೇಕ ವರ್ಷಗಳನ್ನು ಕಳೆದಿದ್ದೇನೆ. ಆ ಅನುಭವದ ಬಲದಿಂದಲೇ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

2022ರ ಆಗಸ್ಟ್ ತಿಂಗಳ ಕೊನೆಯ ದಿನಗಳನ್ನು ನೀವಾರೂ ಮರೆತಿರಲಾರಿರಿ. ಕೆರೆಗಳು ಕೋಡಿ ಬಿದ್ದವು, ತಗ್ಗಿನ ಮನೆಗಳಿಗೆ ನೀರು ನುಗ್ಗಿತು, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ವಾಹನಗಳು ನೀರಿನಲ್ಲಿ ನಿಂತವು. ಆ ಹೆದ್ದಾರಿಯ ಮೋರಿಗಳನ್ನು ಯಾರೋ ಲೆಕ್ಕ ಹಾಕಿಯೇ ಕಟ್ಟಿದ್ದರು. ಎಷ್ಟು ಮಳೆಗೆ, ಎಷ್ಟು ಕೆರೆಗಳು ಒಟ್ಟಿಗೆ ಕೋಡಿ ಬಿದ್ದರೆ ಎಂದು ಲೆಕ್ಕ ಹಾಕಿದ್ದರು? ಮೊದಲೇ ಹೀಗೆ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಇದೇ ಪ್ರಶ್ನೆ ಕರಾವಳಿಯಲ್ಲಿ ಇನ್ನೂ ದೊಡ್ಡದಾಗಿ ಎದ್ದು ನಿಂತಿದೆ.

ಅಲೆಯ ಮಾದರಿ ಎಂದರೇನು? ಕಡಲನ್ನು ಗದ್ದೆಯ ಮಡಿಗಳಂತೆ ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿ ಚೌಕದ ಆಳವನ್ನೂ ಅದರ ಮೇಲೆ ಬೀಸುವ ಗಾಳಿಯನ್ನೂ ಕೊಟ್ಟರೆ, ಅಲೆಯ ಶಕ್ತಿ ಒಂದು ಚೌಕದಿಂದ ಮತ್ತೊಂದಕ್ಕೆ ಹೇಗೆ ದಾಟುತ್ತದೆ, ಎಲ್ಲಿ ಕುಗ್ಗುತ್ತದೆ ಎಂಬುದನ್ನು ಗಣಕಯಂತ್ರ ಹೇಳುತ್ತದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಸ್ವಾನ್’ ಈ ಬಗೆಯದು, ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದು ಒಂದೊಂದು ಅಲೆಯನ್ನೂ ಹಿಂಬಾಲಿಸುವುದಿಲ್ಲ, ಅಲೆಗಳ ಸರಾಸರಿ ಶಕ್ತಿಯನ್ನು ಹೇಳುತ್ತದೆ. ಒಂದೊಂದು ಅಲೆಯನ್ನೂ ಹಿಂಬಾಲಿಸುವ ಮಾದರಿಗಳೂ ಇವೆ. ಅವಕ್ಕೆ ಬೇಕಾಗುವ ಗಣನೆಯ ಹೊರೆ ಬಹಳ ದೊಡ್ಡದು.

ಹವಳದ ದಿಬ್ಬಗಳಿರುವ ಕಡೆ ಈ ವ್ಯತ್ಯಾಸವೇ ಜೀವನ್ಮರಣದ ಪ್ರಶ್ನೆಯಾಗುತ್ತದೆ. ನೀರಿನ ಆಳದ ಮುಕ್ಕಾಲು ಭಾಗದಷ್ಟು ಎತ್ತರಕ್ಕೆ ಬಂದ ಅಲೆ ಸಾಮಾನ್ಯವಾಗಿ ಒಡೆದುಬೀಳುತ್ತದೆ. ದಿಬ್ಬದ ಮೇಲೆ ನೀರು ತೆಳುವಾಗಿರುವುದರಿಂದ ದೊಡ್ಡ ಅಲೆಗಳು ಅದರ ಹೊರ ಅಂಚಿನಲ್ಲಿಯೇ ಒಡೆಯುತ್ತವೆ. ಹವಳದ ದಿಬ್ಬಗಳು ಅಲೆಯ ಶಕ್ತಿಯನ್ನು ಸರಾಸರಿ ಶೇಕಡಾ 97ರಷ್ಟು ತಗ್ಗಿಸುತ್ತವೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇದು ನಿಜ. ಪರಿಸರದ ಕೆಲಸ ಮಾಡುವ ನಾವು ಈ ಅಂಕಿಯನ್ನು ಸಂತೋಷದಿಂದ ಉಲ್ಲೇಖಿಸುತ್ತೇವೆ.

ಆದರೆ 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಫಿಲಿಪೀನ್ಸಿಗೆ ಅಪ್ಪಳಿಸಿದಾಗ ನಡೆದದ್ದನ್ನು ನೋಡಿ. ಹೆರ್ನಾನಿ ಎಂಬ ಊರಿನ ಮುಂದೆ ಹವಳದ ದಿಬ್ಬವಿತ್ತು. ಆದರೂ ಸುನಾಮಿಯಂಥ ನೀರಿನ ಗೋಡೆಯೊಂದು ನುಗ್ಗಿ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ರೋಬರ್ ಮತ್ತು ಬ್ರಿಕರ್ ಎಂಬ ವಿಜ್ಞಾನಿಗಳು ಒಂದೊಂದು ಅಲೆಯನ್ನೂ ಹಿಂಬಾಲಿಸುವ ಮಾದರಿಯಿಂದ ಇದರ ಕಾರಣವನ್ನು ಬಿಡಿಸಿ 2015ರಲ್ಲಿ ಪ್ರಕಟಿಸಿದರು. ಬಿರುಗಾಳಿಯ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ದೊಡ್ಡವುಗಳ ಒಂದು ಸರಣಿ, ಬಳಿಕ ಸಣ್ಣವುಗಳ ಸರಣಿ. ದೊಡ್ಡ ಅಲೆಗಳು ಒಡೆದಾಗಲೆಲ್ಲ ದಿಬ್ಬದ ಒಳಮಗ್ಗುಲಲ್ಲಿ ನೀರು ಏರುತ್ತದೆ, ಸಣ್ಣವು ಬಂದಾಗ ಇಳಿಯುತ್ತದೆ. ನಿಮಿಷಗಳ ಲೆಕ್ಕದ ಈ ನಿಧಾನವಾದ ಏರಿಳಿತವನ್ನು ದಿಬ್ಬ ಒಡೆಯಲಾರದು. ಹೆರ್ನಾನಿಯಲ್ಲಿ ದಿಬ್ಬವೇ ಅದನ್ನು ಬಲಪಡಿಸಿತ್ತು. ಸರಾಸರಿಯನ್ನಷ್ಟೇ ಹೇಳುವ ಮಾದರಿಗೆ ಈ ಏರಿಳಿತ ಕಾಣುವುದೇ ಇಲ್ಲ.

ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಗಾರು ವಾಡಿಕೆಯಷ್ಟೇ ಆಯಿತು ಎಂದು ಇಲಾಖೆಯ ಪಟ್ಟಿ ಹೇಳುತ್ತದೆ. ರಾಗಿ ತೆನೆ ಬಿಡುವ ಹೊತ್ತಿಗೆ ಮೂರು ವಾರ ಮಳೆಯೇ ಬಿದ್ದಿರುವುದಿಲ್ಲ. ಪಟ್ಟಿ ಸುಳ್ಳಲ್ಲ, ಹೊಲವೂ ಸುಳ್ಳಲ್ಲ.

ಅದೇ ಚಂಡಮಾರುತದಲ್ಲಿ ಟಾಕ್ಲೋಬಾನ್ ನಗರದ ಜನರಿಗೆ ‘ಸ್ಟಾರ್ಮ್ ಸರ್ಜ್’ ಬರಲಿದೆಯೆಂಬ ಎಚ್ಚರಿಕೆ ತಲುಪಿತ್ತು. ಆ ಮಾತಿನ ಅರ್ಥ ಬಹಳ ಮಂದಿಗೆ ತಿಳಿಯಲಿಲ್ಲ. ಸುನಾಮಿ ಎಂದಿದ್ದರೆ ಓಡುತ್ತಿದ್ದೆವು ಎಂದು ಬದುಕುಳಿದವರು ಆಮೇಲೆ ಹೇಳಿದರು. ನಮ್ಮ ನೆರೆಯ ಕೇರಳದ ಮೀನುಗಾರರಲ್ಲಿ ‘ಕಳ್ಳಕಡಲು’ ಎಂಬ ಪದವಿದೆ. ಊರಲ್ಲಿ ಗಾಳಿಯೇ ಇಲ್ಲದಿದ್ದರೂ, ದಕ್ಷಿಣದ ಮಹಾಸಾಗರದಲ್ಲಿ ಹುಟ್ಟಿದ ಉದ್ದಲೆಗಳು ಸದ್ದಿಲ್ಲದೆ ಬಂದು ದಡ ಮುಳುಗಿಸುವುದನ್ನು ಅವರು ಹಾಗೆ ಕರೆಯುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ‘ಇನ್‌ಕಾಯಿಸ್’, ಇಂದು ಇದೇ ಪದವನ್ನು ಬಳಸಿ ಎಚ್ಚರಿಕೆ ನೀಡುತ್ತದೆ. ವಿಜ್ಞಾನಕ್ಕೆ ಇದರಿಂದ ಯಾವ ಕುಂದೂ ಬಂದಿಲ್ಲ.

ಇನ್ನು ನಮ್ಮ ಕರಾವಳಿಗೆ ಬರೋಣ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಆದರೆ ದಡವನ್ನು ಕಾಯುವ ದೊಡ್ಡ ದಿಬ್ಬಗಳಿರುವುದು ಲಕ್ಷದ್ವೀಪದಲ್ಲಿ. ಅಲ್ಲಿನ ಹವಳ 1998, 2010, 2016 ಮತ್ತು 2024ರಲ್ಲಿ ಕಡಲಿನ ಬಿಸಿಗೆ ಬೆಳ್ಳಗಾಯಿತು. ಸತ್ತ ಹವಳ ಮುರಿದು ದಿಬ್ಬ ಸವೆದು ನುಣುಪಾದರೆ ಅಲೆಗೆ ತಡೆ ಕಡಿಮೆಯಾಗುತ್ತದೆ. ಹಳೆಯ ಆಳ, ಹಳೆಯ ಒರಟುತನದ ಅಂಕಿಗಳನ್ನಿಟ್ಟು ನಡೆಸಿದ ಮಾದರಿ ಹಳೆಯ ದ್ವೀಪವನ್ನೇ ಕಾಯುತ್ತಿರುತ್ತದೆ.

ಉಳ್ಳಾಲದಲ್ಲಿ ದಿಬ್ಬವನ್ನು ನಾವೇ ಕಟ್ಟಿದೆವು. ನೇತ್ರಾವತಿ–ಗುರುಪುರ ನದಿಗಳ ಅಳಿವೆಬಾಗಿಲಲ್ಲಿ ಬ್ರೇಕ್‌ವಾಟರ್ ಬಂದ ಮೇಲೆ ಅಲ್ಲಿನ ಕಡಲ್ಕೊರೆತ ದೊಡ್ಡ ಚರ್ಚೆಯಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ನೆರವು ಮಂಜೂರು ಮಾಡಿದ ಯೋಜನೆಯಡಿ ನೀರಿನಡಿಯ ಎರಡು ರೀಫ್‌ಗಳನ್ನೂ ದಡದಲ್ಲಿ ಬರ್ಮ್‌ಗಳನ್ನೂ ನಿರ್ಮಿಸಲಾಯಿತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ತೆಂಕಣ ಸೋಮೇಶ್ವರ, ಉಚ್ಚಿಲದ ಕಡೆ ಹಾನಿಯಾಯಿತು. 2022ರ ಮಳೆಗಾಲದಲ್ಲಿ ಉಚ್ಚಿಲ ಬಟ್ಟಪಾಡಿಯ ರಸ್ತೆ ಕಡಲು ಸೇರಿತು. ರೀಫ್‌ನಿಂದಲೇ ಹೀಗಾಯಿತೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಕಡಲ ಮರಳು ದಡದುದ್ದಕ್ಕೂ ಸಂಚರಿಸುವಂಥದ್ದು. ಮಳೆಗಾಲದಲ್ಲಿ ಒಳಗೆ ಸರಿದು, ಬೇಸಿಗೆಯಲ್ಲಿ ಮರಳುವಂಥದ್ದು. ಒಂದೆಡೆ ತಡೆದರೆ ಇನ್ನೊಂದೆಡೆ ಕೊರತೆ ಬೀಳಬಹುದು. ಆದ್ದರಿಂದ ಮಾದರಿಯ ನಕ್ಷೆಯ ಅಂಚನ್ನು ಎಲ್ಲಿ ಎಳೆದಿದ್ದಾರೆ, ಬಟ್ಟಪಾಡಿ ಅದರ ಒಳಗಿತ್ತೇ ಹೊರಗಿತ್ತೇ ಎಂದು ಅಲ್ಲಿನ ಜನ ಕೇಳಬೇಕು. ಕಡಲಿನ ಆಳವನ್ನು ಯಾವ ತಿಂಗಳಲ್ಲಿ ಅಳೆದರು? ಪರೀಕ್ಷೆಗೆ ಯಾವ ಬಿರುಗಾಳಿಯನ್ನು ಆರಿಸಿದರು? ಉತ್ತರ ಕನ್ನಡದಲ್ಲಿ ಸಿಗಬೇಕು, ಪಂಚಾಯಿತಿಯ ಗೋಡೆಯ ಮೇಲೆ ಕಾಣಬೇಕು.

ಬೆಟ್ಟದವರಾದ ನಮಗೂ ಇಲ್ಲೊಂದು ಪಾಲಿದೆ. ಕೊರೆತ ತಡೆಯಲು ಪ್ರತಿವರ್ಷ ದಡಕ್ಕೆ ಸುರಿಯುವ ಬಂಡೆಗಳು ಯಾವುದೋ ಗುಡ್ಡವನ್ನು ಒಡೆದು ತಂದವು. ಕಲ್ಲುಕ್ವಾರಿಯ ಸದ್ದು ರಾಮನಗರದವರಿಗೆ ಹೊಸದೇನಲ್ಲ.

ನಮ್ಮ ಹೆದ್ದಾರಿಯ ಮೋರಿಗಳಿಗೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ: ಯಾವ ಮಳೆ, ಎಷ್ಟು ಗಂಟೆಗಳಲ್ಲಿ, ಮೇಲಿನ ಯಾವ ಯಾವ ಕೆರೆಗಳ ಕೋಡಿ ನೀರು ಸೇರಿ. ಈ ಲೆಕ್ಕದ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೋರುವ ಅರ್ಜಿಯ ಕರಡನ್ನು ತಂದಿದ್ದೇನೆ. ಕಾಫಿಯ ಬಿಡುವಿನಲ್ಲಿ ಓದಿ, ನಿಮ್ಮ ಊರಿನ ಕೆರೆಯ ಹೆಸರು ಬಿಟ್ಟುಹೋಗಿದ್ದರೆ ಸೇರಿಸಿಕೊಡಿ.