ಸುಕ್ರಜ್ಜಿಯ ಹಾಡು, ನಮ್ಮ ಮನೆಯ ಹಾಡು
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



‘ನಾನು ಮೆಚ್ಚಿದ ಮಹಿಳೆ’ ಎಂಬ ವಿಷಯ ಕೊಟ್ಟಾಗ ನಾನು ಆರಿಸಿಕೊಂಡದ್ದು ಉತ್ತರ ಕನ್ನಡದ ಸುಕ್ರಿ ಬೊಮ್ಮಗೌಡರನ್ನು. ನಾಡಿನವರಿಗೆಲ್ಲ ಅವರು ಸುಕ್ರಜ್ಜಿ. ಅಂಕೋಲಾ ತಾಲ್ಲೂಕಿನ ಬಡಗೇರಿ ಅವರ ಊರು, ಹಾಲಕ್ಕಿ ಒಕ್ಕಲಿಗರು ಅವರ ಜನ. ಕೊರಳ ತುಂಬ ಮಣಿಸರ, ರವಿಕೆಯಿಲ್ಲದೆ ಹೆಗಲ ಮೇಲೆ ಕಟ್ಟಿದ ಸೀರೆ, ಇದು ಹಾಲಕ್ಕಿ ಹೆಂಗಸರ ಉಡುಗೆ. 2017ರಲ್ಲಿ ಪದ್ಮಶ್ರೀ ಬಂದಾಗಲೂ ಅಜ್ಜಿಯ ಕೊರಳಲ್ಲಿ ಅದೇ ಮಣಿಸರಗಳಿದ್ದವು.

ಸುಕ್ರಜ್ಜಿ ಶಾಲೆಗೆ ಹೋದವರಲ್ಲ. ಹಾಡು ಕಲಿತದ್ದು ತಾಯಿಯಿಂದ. ಸುಮಾರು 5000 ಹಾಡುಗಳು ಅವರಿಗೆ ಬಾಯಿಪಾಠ ಎಂದು ಪತ್ರಿಕೆಗಳು ಬರೆದವು. ಎಣಿಸಿದವರು ಯಾರೋ, ಆದರೆ ಪುಸ್ತಕ ನೋಡದೆ, ಚೀಟಿ ಹಿಡಿಯದೆ ಅವರು ಹಾಡುತ್ತಿದ್ದುದಂತೂ ನಿಜ. ಕಾರವಾರ ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿತು. 1999ರಲ್ಲಿ ಜಾನಪದಶ್ರೀ ಬಂತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು.

ಹಾಡು ಅವರ ಬದುಕನ್ನು ಸುಖವಾಗಿಡಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಮದುವೆ. ಗಂಡ ಕುಡಿತದಿಂದ ತೀರಿಕೊಂಡರು. ಮುಂದೆ ಸಾಕಿದ ಮಗನನ್ನೂ ಅದೇ ಕುಡಿತ ಕೊಂಡೊಯ್ಯಿತು. ಆ ದುಃಖವನ್ನು ಅವರು ಮೂಲೆಯಲ್ಲಿ ಕೂತು ನುಂಗಲಿಲ್ಲ. ಊರಿನ ಹೆಂಗಸರನ್ನು ಜೊತೆಗೆ ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು. ಮದುವೆಮನೆಯಲ್ಲಿ ಹತ್ತು ಹೆಂಗಸರ ಮುಂದೆ ದನಿ ಎತ್ತಿ ಅಭ್ಯಾಸವಿದ್ದವರಿಗೆ ಬೀದಿಯಲ್ಲಿ ದನಿ ಎತ್ತುವುದು ಕಷ್ಟವಾಗಲಿಲ್ಲ ಎಂದು ನನಗೆ ಅನ್ನಿಸುತ್ತದೆ. 2025ರ ಫೆಬ್ರವರಿ 13ರಂದು ಅಜ್ಜಿ ತೀರಿಕೊಂಡರು. ಅದೇ ತಾಲ್ಲೂಕಿನ, ಅದೇ ಜನರ ತುಳಸಿ ಗೌಡ, ಗಿಡ ನೆಟ್ಟು ಪದ್ಮಶ್ರೀ ಪಡೆದವರು, ಎರಡು ತಿಂಗಳ ಹಿಂದೆಯಷ್ಟೇ ಹೋಗಿದ್ದರು.

ಇಷ್ಟು ಅವರ ಕಥೆ. ಇದರಿಂದ ಕೇರಳದಲ್ಲಿ ಕೂತಿರುವ ನಮಗೇನು?

ಸುಕ್ರಜ್ಜಿ ಹಾಡಿದ್ದು ವೇದಿಕೆಗಾಗಿ ಹುಟ್ಟಿದ ಹಾಡುಗಳನ್ನಲ್ಲ. ನಾಟಿ ಮಾಡುವಾಗ ಒಂದು, ಮದುವೆಯಲ್ಲಿ ಅರಿಸಿನ ಹಚ್ಚುವಾಗ ಒಂದು, ಮಗು ತೂಗುವಾಗ ಒಂದು. ಹೀಗೆ ಒಂದೊಂದು ಹಾಡಿಗೂ ಒಂದೊಂದು ಕೆಲಸವಿರುತ್ತಿತ್ತು. ಕೆಲಸ ಹೋದರೆ ಹಾಡೂ ಹೋಗುತ್ತದೆ. ನಾಟಿಗೆ ಯಂತ್ರ ಬಂತು, ಮದುವೆಗೆ ಧ್ವನಿವರ್ಧಕ ಬಂತು. ಹಾಡನ್ನು ಯಾರೂ ಬೇಡವೆನ್ನಲಿಲ್ಲ, ಆದರೆ ಯಾರಿಗೂ ಅದರ ಅಗತ್ಯ ಬೀಳಲಿಲ್ಲ.

ನಮ್ಮ ಮನೆ ಚಾಲೈ ಪೇಟೆಯ ಹತ್ತಿರ. ಅಲ್ಲಿಂದ ಆಟ್ಟುಕಾಲ್ ದೇವಸ್ಥಾನ ದೂರವಿಲ್ಲ. ಪೊಂಗಾಲ ಹಬ್ಬದ ದಿನಗಳಲ್ಲಿ ಅಲ್ಲಿ ತೋಟ್ಟಂಪಾಟ್ಟು ಹಾಡುತ್ತಾರೆ, ಕಣ್ಣಗಿಯ ಕಥೆ ಅದು. ಪಾಂಡ್ಯ ರಾಜನ ವಧೆಯ ಭಾಗವನ್ನು ಹಾಡಿದ ಮೇಲೆಯೇ ಪೊಂಗಾಲದ ಒಲೆಗೆ ಬೆಂಕಿ. ಲಕ್ಷಗಟ್ಟಲೆ ಹೆಂಗಸರು ಇಟ್ಟಿಗೆ ಇಟ್ಟು, ಮಡಕೆ ಇಟ್ಟು ಆ ಹೊತ್ತಿಗಾಗಿ ಕಾಯುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಕಾದಿದ್ದೇವೆ. ಹಾಡು ಆಗದೆ ಒಲೆ ಹತ್ತುವುದಿಲ್ಲ ಎಂದಮೇಲೆ ಆ ಹಾಡನ್ನು ಮರೆಯುವವರು ಯಾರು?

ಈಗ ನಮ್ಮ ಮನೆಗಳನ್ನು ನೋಡಿ. ನಮ್ಮತ್ತೆಗೆ ಬೀಸುವ ಪದಗಳು ಬರುತ್ತವೆ. ಆದರೆ ಮನೆಯಲ್ಲಿ ಬೀಸುವ ಕಲ್ಲಿಲ್ಲ. “ಅಮ್ಮ, ಒಂದು ಹಾಡು ಹೇಳಿ” ಎಂದರೆ, “ಸುಮ್ಮನೆ ಕೂತು ಹೇಳು ಅಂದ್ರೆ ಹ್ಯಾಗೆ ಬರ್ತದೆ ತಾಯಿ, ಕೈಯಾಡಬೇಕು” ಎನ್ನುತ್ತಾರೆ. ಒಂದು ದಿನ ಮೊರದಲ್ಲಿ ಅಕ್ಕಿ ಆರಿಸುತ್ತ ತಾವಾಗಿಯೇ ಶುರು ಮಾಡಿದರು. ಕೈ ನಿಂತಲ್ಲಿ ಹಾಡೂ ನಿಂತಿತು. ಮಲಯಾಳಂ ಮಾಧ್ಯಮದಲ್ಲಿ ಓದುವ ನನ್ನ ಮಗಳು ಪಕ್ಕದಲ್ಲಿ ಕೂತು “ಮೊರ ಅಂದರೇನು, ತೌಡು ಅಂದರೇನು” ಎಂದು ಕೇಳಿದಳು. ನಾನು ಎಷ್ಟು ಪಾಠ ಮಾಡಿದ್ದರೂ ಬಾರದ ಮಾತುಗಳು ಆ ಒಂದು ಮೊರದ ಅಕ್ಕಿಯಿಂದ ಬಂದವು.

ಆದ್ದರಿಂದ ನನ್ನದು ಮೂರು ಕೋರಿಕೆ. ಮೊದಲನೆಯದು, ನಮ್ಮ ಸಂಘದಲ್ಲಿ ಇನ್ನು ಮುಂದೆ ಯಾರ ಮನೆಯ ಸೀಮಂತವಾಗಲಿ, ತೊಟ್ಟಿಲ ಶಾಸ್ತ್ರವಾಗಲಿ, ಆರತಿಯ ಹೊತ್ತಿಗೆ ಮೊಬೈಲಿನ ಹಾಡು ಬೇಡ. ಗೊತ್ತಿರುವ ಒಬ್ಬರು ಶುರು ಮಾಡಲಿ, ಉಳಿದವರು ಸೊಲ್ಲು ಹಿಡಿಯೋಣ. ಶ್ರುತಿ ತಪ್ಪಿದರೂ ಪರವಾಗಿಲ್ಲ. ಎರಡನೆಯದು, ಮನೆಯ ಹಿರಿಯರ ಹಾಡನ್ನು ಮುದ್ರಿಸುವಾಗ ಅದು ಯಾವ ಊರಿನದು, ಯಾವ ಕೆಲಸದ್ದು ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ. ಮೂರನೆಯದು, ಮಕ್ಕಳನ್ನು ಹಾಡಿನ ಸ್ಪರ್ಧೆಗೆ ಕಳಿಸುವ ಮುಂಚೆ ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಒಂದು ಮಣೆ ಹಾಕಿ ಕೂರಿಸಿ.

ಸುಕ್ರಜ್ಜಿಯ ತಾಯಿ ಮಗಳಿಗೆ ಪದ್ಮಶ್ರೀ ಬರಲಿ ಎಂದು ಹಾಡು ಕಲಿಸಲಿಲ್ಲ. ಕೆಲಸ ಮಾಡುತ್ತ ಹಾಡಿದರು, ಮಗಳು ಪಕ್ಕದಲ್ಲಿದ್ದಳು, ಅಷ್ಟೇ. ಅಷ್ಟನ್ನು ನಾವೂ ಮಾಡಬಹುದು.