ಕೆಲಸಕ್ಕೆ ಬೈದರೆ ಕಲಿಯಿರಿ, ಕನ್ನಡಕ್ಕೆ ಬೈದರೆ ಹೊರಡಿ
(ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ಕರಡು ತಿದ್ದುವುದು ಗೊತ್ತು, ಭಾಷಣ ಗೊತ್ತಿಲ್ಲ. ಆದರೆ ಹುಡುಗರು ಆಗಾಗ ಬಂದು ಕೇಳುತ್ತಾರೆ: "ಅಣ್ಣಾ, ಬಾಸ್ ಕಾಟ ತಡೆಯೋಕಾಗ್ತಿಲ್ಲ, ಕೆಲಸ ಬಿಟ್ಬಿಡ್ಲಾ?" ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

ಬೈಯುವ ಯಜಮಾನರಲ್ಲಿ ಎರಡು ಬಗೆ. ಒಬ್ಬ ಕೆಲಸಕ್ಕೆ ಬೈಯುತ್ತಾನೆ, ಇನ್ನೊಬ್ಬ ಮನುಷ್ಯನಿಗೆ ಬೈಯುತ್ತಾನೆ.

ನನ್ನ ಮೊದಲ ಯಜಮಾನ ಮಹಾ ಸಿಡುಕ. ಲಗ್ನಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿತೆಂದು 500 ಕಾರ್ಡನ್ನೂ ರದ್ದಿಗೆ ಹಾಕಿ, ಮಧ್ಯರಾತ್ರಿವರೆಗೆ ನಿಲ್ಲಿಸಿ ಮತ್ತೆ ಮಾಡಿಸಿದ. ಅತ್ತುಬಿಟ್ಟೆ. ಇವತ್ತು ಕರಡನ್ನು ಮೂರು ಸಲ ನೋಡದೆ ಮೆಷಿನ್ನಿಗೆ ಬಿಡುವುದಿಲ್ಲ. ಅದು ಆ ರಾತ್ರಿಯ ಋಣ. ಅಂಥವರ ಹತ್ತಿರ ನಿಂತು ಕಲಿಯಿರಿ.

ಎರಡನೆಯವನು ನಗುನಗುತ್ತಲೇ ಚುಚ್ಚುತ್ತಿದ್ದ. ಕೌಂಟರಿನಲ್ಲಿ ಕನ್ನಡ ಆಡಿದರೆ ಗಿರಾಕಿಗಳೆದುರೇ, "ಈ ಹಳ್ಳಿ ಭಾಷೆ ಮನೇಲಿಟ್ಟು ಬಾ" ಎನ್ನುತ್ತಿದ್ದ. ನಮ್ಮ ನೆಲದಲ್ಲಿ, ನಮ್ಮ ನುಡಿಗೆ! ಅಂದೇ ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ. ಮನೆ ಬಾಡಿಗೆ ಕಟ್ಟಬೇಕಿತ್ತು, ಆಫ್‌ಸೆಟ್ ಕೆಲಸ ಅರ್ಧ ಕಲಿತಿದ್ದೆ. ಯಾರೂ ಇಲ್ಲದಾಗ ಹೇಳಿದೆ: "ತಪ್ಪು ಮಾಡಿದರೆ ಬೈಯಿರಿ ಸಾರ್, ನನ್ನ ಭಾಷೆಗೆ ಬೈಯಬೇಡಿ." ಬದಲಾಗಲಿಲ್ಲ. ಎಂಟು ತಿಂಗಳಲ್ಲಿ ಮೆಷಿನ್ನು ಪೂರ್ತಿ ಕಲಿತೆ, ಬೇರೆ ಕಡೆ ಕೆಲಸ ಗೊತ್ತುಮಾಡಿಕೊಂಡೆ. ಆಮೇಲೆ ಕನ್ನಡದಲ್ಲೇ ರಾಜೀನಾಮೆ ಬರೆದುಕೊಟ್ಟು, ಬಾಕಿ ಸಂಬಳ ಎಣಿಸಿಕೊಂಡು ಹೊರಬಿದ್ದೆ.

ನೀವೂ ಸಿಟ್ಟಿನಲ್ಲಿ ಬಾಗಿಲು ಬಡಿದು ಬರಬೇಡಿ. ನೇಮಕಾತಿ ಪತ್ರ ತೆಗೆದು, ಎಷ್ಟು ದಿನದ ನೋಟಿಸ್ ಕೊಡಬೇಕೆಂದು ನೋಡಿ. ಸಂಬಳದ ಚೀಟಿ ಜೋಪಾನ ಮಾಡಿ. 10 ಜನ ದುಡಿಯುವ ಕಡೆ ನೀವು ಕಾಯಂ ನೌಕರರಾಗಿ ಸತತ 5 ವರ್ಷ ದುಡಿದಿದ್ದರೆ ಗ್ರ್ಯಾಚುಟಿ ನಿಮ್ಮ ಹಕ್ಕು: ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಪಿಎಫ್ ಹಣ ಕಿತ್ತು ಖರ್ಚು ಮಾಡಬೇಡಿ, ಹೊಸ ಕೆಲಸಕ್ಕೆ ವರ್ಗಾಯಿಸಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು. ಬಾಕಿ ಕೊಡದಿದ್ದರೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನವಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ.

ಆದರೆ ಕೈ ಎತ್ತಿದರೆ, ಸಂಬಳ ಹಿಡಿದರೆ, ಕಳ್ಳಲೆಕ್ಕಕ್ಕೆ ಸಹಿ ಕೇಳಿದರೆ ನನ್ನಂತೆ ಎಂಟು ತಿಂಗಳು ಕಾಯಬೇಡಿ.

ಇವತ್ತು ನಾನೂ ಯಜಮಾನ. ಸಿಟ್ಟು ಬರುತ್ತದೆ, ಬೈಯುತ್ತೇನೆ. ಬೈದ ಮೇಲೆ ಆ ಕೌಂಟರು ನೆನಪಾಗುತ್ತದೆ, ನಾಲಿಗೆ ಕಚ್ಚಿಕೊಳ್ಳುತ್ತೇನೆ. ನಾಳೆ ನೀವೂ ಯಜಮಾನರಾಗುತ್ತೀರಿ. ಅಂದು ನಿಮ್ಮ ಕೈಕೆಳಗಿನ ಹುಡುಗ ತಲೆಯೆತ್ತಿ ತನ್ನ ಭಾಷೆ ಆಡುವಂತಿರಲಿ.

ಸಿರಿಗನ್ನಡಂ ಗೆಲ್ಗೆ!